ದೇವರ ಮನೆಯ ಮೇಲೆ ಕಮೋಡ್ ಬೇಡ

ಪತ್ರ: ಬೆಂಗಳೂರಿನ ವಿಜಯನಗರದಲ್ಲಿ ಹದಿನೆಂಟು ವರ್ಷ ಹಳೆಯ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ಫ್ಲ್ಯಾಟ್ ಕೊಂಡಿದ್ದೇವೆ. ಅಡುಗೆಮನೆ ಗೋಡೆ ತೆಗೆದು, ಬಾಲ್ಕನಿಯನ್ನು ಹಾಲ್‌ಗೆ ಸೇರಿಸಿ, ಒಂದು ಬಾತ್‌ರೂಮಿನ ಜಾಗ ಬದಲಿಸಬೇಕೆಂದಿದ್ದೇವೆ. ಕಾಂಟ್ರಾಕ್ಟರ್ “ನಿಮ್ಮ ಮನೆ ಸಾರ್, ಯಾರನ್ನ ಕೇಳ್ಬೇಕು?” ಅನ್ನುತ್ತಾರೆ. ಸಂಘದವರು ಎನ್‌ಒಸಿ (ಒಪ್ಪಿಗೆ ಪತ್ರ) ಇಲ್ಲದೆ ಮರಳಿನ ಲಾರಿಯನ್ನು ಗೇಟಿನೊಳಗೆ ಬಿಡುವುದಿಲ್ಲವಂತೆ. ಯಾರ ಮಾತು ಕೇಳಲಿ?

ಉತ್ತರ: ಸಂಘದವರ ಮಾತು. ಅಪಾರ್ಟ್‌ಮೆಂಟ್ ಸಂಘಗಳ ದರ್ಬಾರಿನ ಬಗ್ಗೆ ನಮಗೆ ಬರುವ ದೂರುಗಳು ಕಡಿಮೆಯೇನಲ್ಲ, ಹೆಚ್ಚಿನವು ನ್ಯಾಯವಾದವೇ. ಆದರೆ ಇಲ್ಲಿ ಕಾನೂನು ಅವರ ಕಡೆಗಿದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯ ಪ್ರಕಾರ ಅಡಿಪಾಯ, ಕಂಬ, ತೊಲೆ, ಮುಖ್ಯ ಗೋಡೆ, ಚಾವಣಿ ಎಲ್ಲ ಮಾಲೀಕರ ಜಂಟಿ ಸ್ವತ್ತು. ಕಟ್ಟಡದ ಭದ್ರತೆಗೆ ಕುತ್ತು ತರುವ ಕೆಲಸಕ್ಕೆ ಬಹುಮತವೂ ಸಾಲದು, ಉಳಿದೆಲ್ಲರೂ ಒಪ್ಪಬೇಕು. ನಿಮ್ಮ ಕಟ್ಟಡಕ್ಕೆ ಈ ಕಾಯ್ದೆಯಡಿ ಡಿಕ್ಲರೇಶನ್, ಅಂದರೆ ಕಟ್ಟಡವನ್ನು ಕಾಯ್ದೆಗೆ ಒಳಪಡಿಸುವ ಘೋಷಣೆ, ಆಗಿಲ್ಲದಿರಬಹುದು. ಬೆಂಗಳೂರಿನಲ್ಲಿ ಅಂಥವು ಬೇಕಾದಷ್ಟಿವೆ. ಆಗಲೂ ಕ್ರಯಪತ್ರದ ಕೊನೆಯ ಪುಟಗಳನ್ನು ಓದಿ, ಸಾಮಾನ್ಯವಾಗಿ ಅದೇ ಷರತ್ತು ಅಲ್ಲಿರುತ್ತದೆ.

ಇನ್ನು ಗೋಡೆ. “ನಾಲ್ಕಿಂಚಿನ ಗೋಡೆ, ಒಡೀಬಹುದು” ಅನ್ನುವುದು ಮೇಸ್ತ್ರಿಗಳ ಹಳೆಯ ಲೆಕ್ಕ. ಕಂಬ-ತೊಲೆಯ ಕಟ್ಟಡದಲ್ಲಿ ಅದು ಬಹುಮಟ್ಟಿಗೆ ಸರಿ. ಈಚಿನ ಮೈವಾನ್ ಕಟ್ಟಡಗಳಲ್ಲಿ (ಅಲ್ಯೂಮಿನಿಯಂ ಅಚ್ಚಿನಲ್ಲಿ ಗೋಡೆ, ಚಾವಣಿ ಒಟ್ಟಿಗೇ ಎರಕ ಹೊಯ್ದವು) ತೆಳ್ಳಗಿನ ಗೋಡೆಯೂ ಕಬ್ಬಿಣ ಹಾಕಿದ ಕಾಂಕ್ರೀಟೇ, ಭಾರ ಹೊರುವುದೇ. ನಿಮ್ಮದು ಮೊದಲ ಜಾತಿಯದಿರಬಹುದು, ಆದರೆ ಊಹೆಯ ಮೇಲೆ ಸುತ್ತಿಗೆ ಎತ್ತಬೇಡಿ. ಸ್ಟ್ರಕ್ಚರಲ್ ಡ್ರಾಯಿಂಗ್ ಕೇಳಿ. ಸಿಗದಿದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿ ಬರೆದುಕೊಡಲಿ. ಇಂಟೀರಿಯರ್ ಡಿಸೈನರ್ ತೋರಿಸುವ ತ್ರೀಡಿ ಚಿತ್ರದಲ್ಲಿ ಯಾವ ತೊಲೆಯೂ ಕಾಣಿಸುವುದಿಲ್ಲ.

ಹೆದರಿಸಲು ಹೇಳುತ್ತಿಲ್ಲ. 2022ರ ಫೆಬ್ರವರಿಯಲ್ಲಿ ಗುರುಗ್ರಾಮದ ಚಿಂಟೆಲ್ಸ್ ಪ್ಯಾರಡೈಸೋದಲ್ಲಿ ಆರನೇ ಮಹಡಿಯ ಮನೆಯೊಂದರ ನೆಲದ ಕೆಲಸ ನಡೆಯುತ್ತಿದ್ದಾಗ ಆ ನೆಲವೇ ಕುಸಿದು, ಕೆಳಗಿನ ಮನೆಗಳನ್ನೂ ಸೀಳಿಕೊಂಡು ಇಳಿಯಿತು. ಇಬ್ಬರು ಮಹಿಳೆಯರು ಸತ್ತರು. ಐಐಟಿ ದಿಲ್ಲಿಯ ತನಿಖೆಯಲ್ಲಿ ಹೊರಬಿದ್ದದ್ದು ಬೇರೆಯೇ ರೋಗ: ಕಾಂಕ್ರೀಟಿನಲ್ಲಿ ಕ್ಲೋರೈಡ್ ಸೇರಿ ಒಳಗಿನ ಕಬ್ಬಿಣ ತುಕ್ಕು ಹಿಡಿದಿತ್ತು. ಹಳೆಯ ಕಟ್ಟಡದಲ್ಲಿ ಟೈಲ್ಸ್ ಕೀಳುವ ಮುಂಚೆಯೂ ಸ್ಲ್ಯಾಬಿನ ತಳವನ್ನು, ಅಂದರೆ ಕೆಳಗಿನ ಮನೆಯ ಸೀಲಿಂಗನ್ನು, ಒಮ್ಮೆ ನೋಡಿ ಬನ್ನಿ.

ಪಾಲಿಕೆಯ ವಿಷಯ ಚಿಕ್ಕದು. ಬಣ್ಣ, ಟೈಲ್ಸ್, ಗಾರೆ, ಕಪಾಟುಗಳಿಗೆ ಲೈಸೆನ್ಸ್ ಬೇಕಿಲ್ಲ. ರಚನೆ ಬದಲಾದರೆ, ಕಟ್ಟಿದ ವಿಸ್ತೀರ್ಣ ಹೆಚ್ಚಿದರೆ ಬೇಕು. ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದ ಮಾತ್ರಕ್ಕೆ ಇದೇನೂ ಬದಲಾಗಿಲ್ಲ.

ಬಾಲ್ಕನಿಯನ್ನು ಹಾಲ್‌ಗೆ ಸೇರಿಸುವುದು ಇಲ್ಲೇ ಸಿಕ್ಕಿಬೀಳುತ್ತದೆ: ಮಂಜೂರಾದ ನಕ್ಷೆಯಲ್ಲಿ ಅದು ಬಾಲ್ಕನಿ, ಕೋಣೆಯಲ್ಲ. ಅದರ ನೆಲ ಹಾಲ್‌ಗಿಂತ ಒಂದೆರಡು ಇಂಚು ತಗ್ಗಾಗಿ, ಹೊರಗಡೆ ಇಳಿಜಾರಾಗಿರುತ್ತದೆ. ಮಟ್ಟ ಮಾಡಲು ಸಿಮೆಂಟು ತುಂಬಿ ಗ್ರಾನೈಟ್ ಹಾಸುತ್ತೀರಿ. ಆ ಭಾರವೆಲ್ಲ ಗಾಳಿಯಲ್ಲಿ ಚಾಚಿಕೊಂಡಿರುವ ಸ್ಲ್ಯಾಬಿನ ಮೇಲೆ. ಬಿಟ್ಟುಬಿಡಿ. ಬೆಳಕಿಗಾಗಿ ಆದರೆ ದೊಡ್ಡ ಸ್ಲೈಡಿಂಗ್ ಬಾಗಿಲು ಸಾಕು.

ಬಾತ್‌ರೂಮಿಗೆ ನಮ್ಮದು ಖಡಾಖಂಡಿತ “ಬೇಡ”. ಪೈಪು ಹೋಗಲೆಂದು ಅಲ್ಲಿ ಸ್ಲ್ಯಾಬನ್ನೇ ಅಡಿಯಷ್ಟು ತಗ್ಗಿಸಿರುತ್ತಾರೆ. ಬೇರೆ ಕಡೆ ಆ ತಗ್ಗಿಲ್ಲ, ನೆಲ ಎತ್ತರಿಸಿ ಮೆಟ್ಟಿಲಿಡಬೇಕು. ಅದೂ ಆಯಿತೆನ್ನಿ, ಕೆಳಗಿನವರ ದೇವರ ಮನೆಯ ಮೇಲೆ ನಿಮ್ಮ ಕಮೋಡ್ ಬಂದರೆ ಮುಂದಿನ ಹತ್ತು ವರ್ಷ ಲಿಫ್ಟಿನಲ್ಲಿ ಮುಖ ತಿರುಗಿಸಿಕೊಂಡೇ ಓಡಾಡಬೇಕು. ಇದ್ದಲ್ಲೇ ವಾಟರ್‌ಪ್ರೂಫಿಂಗ್ ಹೊಸದಾಗಿ ಮಾಡಿಸಿ. ಟೈಲ್ಸ್ ಹಾಕುವ ಮುನ್ನ ಎರಡು ದಿನ ನೀರು ನಿಲ್ಲಿಸಿ, ಕೆಳಮನೆಯವರನ್ನೇ ಕರೆದು ಅವರ ಸೀಲಿಂಗ್ ತೋರಿಸಿ, ಫೋಟೋ ಇಟ್ಟುಕೊಳ್ಳಿ.

ಸಂಘ ಕೇಳುವ ಠೇವಣಿಗೆ ರಸೀದಿ ಪಡೆಯಿರಿ, ಯಾವಾಗ ವಾಪಸ್ ಎಂದು ಬರೆಸಿಕೊಳ್ಳಿ. ವಾಪಸಾಗದ “ರಿನೋವೇಶನ್ ಫೀ” ಅಂದರೆ ಬೈಲಾದಲ್ಲಿ ಎಲ್ಲಿದೆ ಎಂದು ಕೇಳುವ ಹಕ್ಕು ನಿಮಗಿದೆ. ಒಡೆದ ಗೋಡೆಯ ಡೆಬ್ರಿಸ್ ಸಾಗಿಸುವುದನ್ನೂ ಕಾಂಟ್ರಾಕ್ಟಿನಲ್ಲಿ ಸೇರಿಸಿ. ರಾತ್ರೋರಾತ್ರಿ ಖಾಲಿ ಸೈಟಿಗೆ ಸುರಿದು ಹೋಗುವವರಿದ್ದಾರೆ. ನಿಯಮದ ಪ್ರಕಾರ ಆ ತ್ಯಾಜ್ಯಕ್ಕೆ ನೀವೂ ಹೊಣೆ.