ಲ್ಯಾಪ್‌ಟಾಪ್ ಫಾರ್ಮ್ಯಾಟ್: ಅಳಿಸುವ ಕೆಲಸ ಕೊನೆಗಿರಲಿ

ಭಾವ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ನೋಡಿದ್ದೆ. ಮನೆಯಲ್ಲಿ ಅಡಿಕೆ ಸುಲಿಯುವವರು ಇದ್ದರು, ಬರೆಯಲು ಪುರುಸೊತ್ತಾಗಲಿಲ್ಲ.

ನೀವು ಕೇಳಿದ್ದು ಇಷ್ಟು. 2019ರಲ್ಲಿ ಕೊಂಡ ಲ್ಯಾಪ್‌ಟಾಪ್, ಎಂಟನೇ ಜನರೇಷನ್ ಇಂಟೆಲ್ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಆನ್ ಮಾಡಿ ಚಹಾ ಕುಡಿದು ಬಂದರೂ ಏಳುವುದಿಲ್ಲ. ಬ್ರೌಸರ್ ತೆರೆದರೆ ಬೇಡದ ಜಾಹೀರಾತು. ಅಂಗಡಿಯವರು ಫಾರ್ಮ್ಯಾಟ್ ಹೊಡೆದು ಕೊಡುತ್ತೇನೆ ಅಂದಿದ್ದಾರೆ. ಸಂಘದ ಲೆಕ್ಕ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಠರಾವು ಎಲ್ಲ ಡಿ ಡ್ರೈವ್‌ನಲ್ಲಿದೆ, ಹಾಗಾಗಿ ಹೆದರಬೇಕಿಲ್ಲ ಅಲ್ವಾ, ನಾನೇ ಮಾಡಿಕೊಳ್ಳಬಹುದಾ ಅಂತ.

ನೀವೇ ಮಾಡಿಕೊಳ್ಳಬಹುದು. ಆದರೆ ಡಿ ಡ್ರೈವ್ ನಂಬಿ ಕೂರಬೇಡಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇರುವುದು ಒಂದೇ ಡಿಸ್ಕ್. ಸಿ, ಡಿ ಅಂದರೆ ಒಂದೇ ತೋಟಕ್ಕೆ ನಡುವೆ ಬೇಲಿ ಹಾಕಿದ ಹಾಗೆ. ಡಿಸ್ಕ್ ಕೆಟ್ಟರೆ ಎರಡೂ ಹೋಗುತ್ತವೆ. ಫಾರ್ಮ್ಯಾಟ್ ಮಾಡುವಾಗ ಒಂದು ಕ್ಲಿಕ್ ಆಚೀಚೆ ಆದರೂ ಅಷ್ಟೇ.

ನನ್ನದೇ ಕಥೆ ಕೇಳಿ. ನನ್ನ ಲ್ಯಾಪ್‌ಟಾಪ್‌ನದ್ದೂ 1 ಟಿಬಿ ಡಿಸ್ಕ್, ಬ್ಯಾಕಪ್ ತೆಗೆದ ಹೊರಗಿನ ಡಿಸ್ಕೂ 1 ಟಿಬಿ. ಬ್ಯಾಕಪ್ ಮುಗಿಯಿತು, ಕೇಬಲ್ ಕೀಳಲು ಮರೆತೆ. ಇನ್‌ಸ್ಟಾಲ್ ಪರದೆಯಲ್ಲಿ ಡ್ರೈವ್ 0, ಡ್ರೈವ್ 1 ಅಂತ ಎರಡು ಸಾಲು, ಎರಡರ ಮುಂದೆಯೂ 931 ಜಿಬಿ. 1 ಟಿಬಿ ಡಿಸ್ಕನ್ನು ವಿಂಡೋಸ್ ತೋರಿಸುವುದೇ ಹಾಗೆ. ನಾನು ಡಿಲೀಟ್ ಒತ್ತಿದ್ದು ಬ್ಯಾಕಪ್ ಡಿಸ್ಕಿನ ಮೇಲೆ! ಅಪ್ಪನ ಷಷ್ಟ್ಯಬ್ದಿಯ ಫೋಟೋ ಎಲ್ಲ ಅದರಲ್ಲೇ. ಕೈ ತಣ್ಣಗಾಗಿ ಹೋಯಿತು. ಪುಣ್ಯಕ್ಕೆ ಅಲ್ಲಿಗೇ ನಿಲ್ಲಿಸಿ ಕೇಬಲ್ ಕಿತ್ತೆ. ಆಮೇಲೆ ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶದಿಂದ ಪಾರ್ಟಿಷನ್ (ಡಿಸ್ಕಿನ ಭಾಗ) ವಾಪಸ್ ಬಂತು. ಅದರ ಮೇಲೆ ಹೊಸದಾಗಿ ಏನನ್ನಾದರೂ ಬರೆದಿದ್ದರೆ ಇಷ್ಟು ಸುಲಭವಾಗಿ ಸಿಗುತ್ತಿರಲಿಲ್ಲ.

ಹಾಗಾಗಿ ನಿಮಗೆ ಬೇರೆ ದಾರಿ ಹೇಳುತ್ತೇನೆ. ಈಗ ಏನನ್ನೂ ಅಳಿಸಬೇಡಿ. 500 ಜಿಬಿಯ ಒಂದು ಎಸ್‌ಎಸ್‌ಡಿ ತನ್ನಿ, ಅಂದರೆ ಒಳಗೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್. ಎರಡೂವರೆ ಇಂಚಿನ, ಸಾಟಾ ಜೋಡಣೆಯದು ಅಂತ ಕೇಳಿ. ಹಾರ್ಡ್ ಡಿಸ್ಕ್ ಕೂತ ಜಾಗದಲ್ಲೇ ಅದು ಕೂರುತ್ತದೆ. ಹಳೆಯದನ್ನು ಬಿಚ್ಚಿ ಯುಎಸ್‌ಬಿ ಕೇಸ್‌ಗೆ ಹಾಕಿ ಪಕ್ಕಕ್ಕಿಡಿ. ಲ್ಯಾಪ್‌ಟಾಪ್ ಬಿಚ್ಚಲು ಹೆದರಿಕೆಯಾದರೆ ಅಷ್ಟನ್ನು ಮಾತ್ರ ಅಂಗಡಿಯಲ್ಲಿ ಮಾಡಿಸಿ. ಏನೋ ಬಿಟ್ಟುಹೋಯಿತು ಅಂದರೆ ಹಳೆಯ ಡಿಸ್ಕ್ ಹಾಗೇ ಇರುತ್ತದೆ. ಇನ್ನೊಂದು ಮಾತು: ನಿಮ್ಮ ಮಷೀನ್ ನಿಧಾನವಾಗಿರಲು ವೈರಸ್‌ಗಿಂತ ಆ ತಿರುಗುವ ಡಿಸ್ಕೇ ಕಾರಣ ಅಂತ ನನ್ನ ಲೆಕ್ಕ. ವಿಂಡೋಸ್ 11 ಅನ್ನು ಹಾರ್ಡ್ ಡಿಸ್ಕ್ ಮೇಲೆ ಹಾಕುವುದು ಎತ್ತಿನ ಗಾಡಿಗೆ ಲಾರಿ ಲೋಡ್ ಹೇರಿದ ಹಾಗೆ.

11 ಯಾಕೆ ಅಂದರೆ, 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಎಂಟನೇ ಜನರೇಷನ್ ಆದ್ದರಿಂದ ನಿಮ್ಮದಕ್ಕೆ 11 ಹತ್ತುತ್ತದೆ. ಬಯೋಸ್‌ನಲ್ಲಿ (ಮಷೀನಿನ ಮೂಲ ಸೆಟ್ಟಿಂಗ್ ಪರದೆ) ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಎರಡು ಭದ್ರತಾ ವ್ಯವಸ್ಥೆ ಆನ್ ಇದೆಯಾ ನೋಡಿಕೊಳ್ಳಿ. ಇದಕ್ಕಿಂತ ಹಳೆಯ ಮಷೀನ್ ಇರುವವರು ಜಬರದಸ್ತಿ 11 ಹಾಕಲು ಹೋಗದೆ ವಿಂಡೋಸ್ ಬದಲು ಹಾಕಬಹುದಾದ ಉಚಿತ ಲಿನಕ್ಸ್ ಮಿಂಟ್ ನೋಡಿ. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ. ಅದರಲ್ಲಿ ಕೆಗಪ ಕನ್ನಡ ಕೀಲಿಮಣೆಯೂ ಸಿಗುತ್ತದೆ.

ಈಗ ಡಿಸ್ಕ್ ಬದಲಿಸುವ ಹಿಂದಿನ ಸಂಜೆಯ ಕೆಲಸ. ಡಿಸ್ಕ್ ಕೀಳುವ ಮೊದಲು ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಅಥವಾ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವ್ಯವಸ್ಥೆ) ಆನ್ ಇದೆಯಾ ನೋಡಿ. ಇದ್ದರೆ ಆಫ್ ಮಾಡಿ, ಪೂರ್ತಿ ಬಿಡಿಸಿಕೊಳ್ಳುವ ತನಕ ಕಾಯಿರಿ. ಇಲ್ಲದಿದ್ದರೆ ಆ ಡಿಸ್ಕನ್ನು ಬೇರೆ ಕಡೆ ಚುಚ್ಚಿದಾಗ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಕೀ ಇಲ್ಲ ಅಂದರೆ ಫೈಲೂ ಇಲ್ಲ.

ಸಂಘದ ಲೆಕ್ಕ ಟ್ಯಾಲಿ ತಂತ್ರಾಂಶದಲ್ಲಿದ್ದರೆ ಅದರೊಳಗಿನಿಂದಲೇ ಬ್ಯಾಕಪ್ ತೆಗೆಯಿರಿ, ಲೈಸೆನ್ಸ್ ಸರೆಂಡರ್ ಮಾಡಿ. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನೂ ಮರೆಯಬೇಡಿ. ಡೆಸ್ಕ್‌ಟಾಪ್ ಮೇಲೆ ಬಿದ್ದಿರುವ ಫೈಲ್‌ಗಳು ಇರುವುದು ಸಿ ಡ್ರೈವ್‌ನಲ್ಲಿ, ಡಿಯಲ್ಲಿ ಅಲ್ಲ. ಬಹಳ ಜನ ಎಡವುವುದು ಇಲ್ಲೇ.

ನುಡಿ ಫೈಲ್‌ಗಳ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲ. ಫೈಲ್ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಅದಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್. ಹೊಸ ವಿಂಡೋಸ್‌ನಲ್ಲಿ ಆ ಫಾಂಟ್ ಇಲ್ಲದಿದ್ದರೆ ನಿಮ್ಮ ಠರಾವು ಪುಸ್ತಕ ತೆರೆದಾಗ ಕೋಡು ಬಾಲ ಬಂದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಫೈಲ್ ಹಾಳಾಯಿತು ಅಂತ ಡಿಲೀಟ್ ಮಾಡಿದವರನ್ನೂ ನೋಡಿದ್ದೇನೆ. ವಿಂಡೋಸ್ ಫೋಲ್ಡರ್ ಒಳಗಿನ ಫಾಂಟ್ಸ್‌ನಿಂದ ನುಡಿ ಹೆಸರಿನವನ್ನೆಲ್ಲ ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ. ನುಡಿಯ ಸೆಟಪ್ ಫೈಲ್ ಇದ್ದರೆ ಅದನ್ನೂ ಇಟ್ಟುಕೊಳ್ಳಿ. ಪುರುಸೊತ್ತಾದಾಗ ಹಳೆಯ ಠರಾವುಗಳನ್ನು ಯೂನಿಕೋಡ್‌ಗೆ ಬದಲಿಸಿಬಿಡಿ, ಪರಿವರ್ತಕ ನುಡಿಯ ಜೊತೆಗೇ ಬರುತ್ತದೆ.

ಇನ್ನು ವಿಂಡೋಸ್ ಇನ್‌ಸ್ಟಾಲ್ ಮಾಡಲು ಬೇಕಾದ ಪೆನ್‌ಡ್ರೈವ್. 8 ಜಿಬಿಯದು ಸಾಕು, ಆದರೆ ಅದರಲ್ಲಿರುವುದೆಲ್ಲ ಅಳಿಯುತ್ತದೆ. ಫಾಂಟ್ ಕಾಪಿ ಮಾಡಿದ ಪೆನ್‌ಡ್ರೈವ್ ಇದಕ್ಕೆ ಬಳಸಬೇಡಿ ಮಾರಾಯ್ರೆ! ಮೈಕ್ರೋಸಾಫ್ಟ್ ಸೈಟಿನಿಂದ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿಕೊಂಡು ಅದು ಹೇಳಿದ ಹಾಗೆ ಮಾಡುತ್ತಾ ಹೋಗಿ. ಮಗನ ಕಂಪ್ಯೂಟರ್‌ನಲ್ಲಿ ಮಾಡಿದರೆ ಒಳ್ಳೆಯದು, ನಿಮ್ಮದರಲ್ಲಿ ಏನು ಸೇರಿಕೊಂಡಿದೆಯೋ ಗೊತ್ತಿಲ್ಲ. ನಾಲ್ಕೈದು ಜಿಬಿ ಡೌನ್‌ಲೋಡ್ ಇದೆ, ನಮ್ಮ ಕಡೆಯ ನೆಟ್‌ವರ್ಕ್‌ಗೆ ಬೆಳಗಿನ ಜಾವವೇ ಸರಿ. ಜೊತೆಗೆ ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ವೈಫೈ ಡ್ರೈವರ್ ಇಳಿಸಿಟ್ಟುಕೊಳ್ಳಿ.

ಹೊಸ ಎಸ್‌ಎಸ್‌ಡಿ ಕೂರಿಸಿದ ಮೇಲೆ ಪೆನ್‌ಡ್ರೈವ್ ಚುಚ್ಚಿ ಆನ್ ಮಾಡಿ, ಯಾವುದರಿಂದ ಶುರುವಾಗಬೇಕು ಅಂತ ಆರಿಸುವ ಬೂಟ್ ಮೆನುಗೆ ಹೋಗಬೇಕು. ಡೆಲ್, ಲೆನೋವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸುಸ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲಿ ಎಫ್12 ಕೆಲಸ ಮಾಡಬೇಕಾದರೆ ಮೊದಲು ಎಫ್2 ಒತ್ತಿ ಬಯೋಸ್‌ಗೆ ಹೋಗಿ ಆನ್ ಮಾಡಬೇಕಾಗುತ್ತದೆ. ಚಾರ್ಜರ್ ಹಾಕಿರಲಿ. ಹಳೆಯ ಬ್ಯಾಟರಿ ನಂಬುವ ಹಾಗಿಲ್ಲ, ಗುಡುಗು ಇರುವ ದಿನ ಅಂತೂ ಬೇಡ.

ಪ್ರಾಡಕ್ಟ್ ಕೀ ಕೇಳಿದರೆ "ನನ್ನ ಹತ್ತಿರ ಕೀ ಇಲ್ಲ" ಅನ್ನುವ ಸಾಲು ಒತ್ತಿ. ಅಂಗಡಿಗಳಲ್ಲಿ ಇದನ್ನು ಹೇಳುವುದಿಲ್ಲ: ವಿಂಡೋಸ್ ಸಮೇತ ಬಂದ ಲ್ಯಾಪ್‌ಟಾಪ್ ಆದರೆ ಕೀ ಮದರ್‌ಬೋರ್ಡ್ ಒಳಗೇ ಇರುತ್ತದೆ. ಡಿಸ್ಕ್ ಬದಲಾದರೂ ಇಂಟರ್‌ನೆಟ್ ಸಿಕ್ಕ ಕೂಡಲೇ ತಾನೇ ಆಕ್ಟಿವೇಟ್ ಆಗುತ್ತದೆ. ವಿಂಡೋಸ್‌ನ ಹೋಮ್ ಆವೃತ್ತಿ ಜೊತೆ ಬಂದಿದ್ದರೆ ಹೋಮ್ ಹಾಕಿ. ಪ್ರೊ ಹಾಕಿ, ಆಮೇಲೆ ಕಳ್ಳ ಆಕ್ಟಿವೇಟರ್ ಓಡಿಸುವ ಗೋಜು ಯಾಕೆ? ನಿಮ್ಮ ಜಾಹೀರಾತಿನ ಕಾಟ ಶುರುವಾಗಿದ್ದೂ ಅಂಥದ್ದೇ ಯಾವುದರಿಂದಲೋ ಇರಬಹುದು.

ಡಿಸ್ಕ್ ಆರಿಸುವ ಪರದೆಯಲ್ಲಿ ಹೊಸ ಎಸ್‌ಎಸ್‌ಡಿ 465 ಜಿಬಿ ಖಾಲಿ ಜಾಗ ಅಂತ ಕಾಣುತ್ತದೆ. ಅದನ್ನು ಆರಿಸಿ ಮುಂದೆ ಹೋಗಿ, ಬೇಕಾದ ಸಣ್ಣ ಪಾರ್ಟಿಷನ್‌ಗಳನ್ನು ಅದೇ ಮಾಡಿಕೊಳ್ಳುತ್ತದೆ. ಹಳೆಯ ಡಿಸ್ಕಿನ ಮೇಲೇ ಹಾಕುತ್ತೇನೆ ಅನ್ನುವವರು, ಬ್ಯಾಕಪ್ ಡಿಸ್ಕ್ ಕಿತ್ತಿದ್ದೀರಾ ಅಂತ ಎರಡು ಸಲ ನೋಡಿ, ಡ್ರೈವ್ 0ರ ಪಾರ್ಟಿಷನ್‌ಗಳನ್ನು ಒಂದೊಂದಾಗಿ ಡಿಲೀಟ್ ಮಾಡಿ, ಒಂದೇ ಖಾಲಿ ಸಾಲು ಉಳಿದ ಮೇಲೆ ಮುಂದೆ ಹೋಗಿ. 11ನೇ ಜನರೇಷನ್ ಮತ್ತು ಹೊಸ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕೇ ಕಾಣದಿದ್ದರೆ ಗಾಬರಿ ಬೇಡ. ಕಂಪನಿ ಸೈಟಿನಿಂದ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ತಂದು ಲೋಡ್ ಮಾಡಿದರೆ ಸಾಮಾನ್ಯವಾಗಿ ಕಾಣುತ್ತದೆ.

ಮುಂದಿನದು ಸುಲಭ. ವೈಫೈ ಹಿಡಿಯದಿದ್ದರೆ ಮೊಬೈಲನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಅಪ್‌ಡೇಟ್‌ಗಳನ್ನು ಎರಡು ಮೂರು ಸುತ್ತು ಓಡಿಸಿ, ಉಳಿದ ಡ್ರೈವರ್ ಹೆಚ್ಚಿನವು ಅದರಲ್ಲೇ ಬರುತ್ತವೆ. ಹೊಸ 11 ತಾನಾಗಿಯೇ ಎನ್‌ಕ್ರಿಪ್ಷನ್ ಆನ್ ಮಾಡಿಕೊಂಡಿರಬಹುದು. ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ರಿಕವರಿ ಕೀ ಹುಡುಕಿ ಅಡಿಕೆ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡಿ.

ಹಳೆಯ ಡಿಸ್ಕಿನಿಂದ ಫೈಲ್ ಮಾತ್ರ ತನ್ನಿ. ಡೌನ್‌ಲೋಡ್ಸ್‌ನಲ್ಲಿರುವ ಸೆಟಪ್ ಫೈಲ್ ಒಂದೂ ಬೇಡ. ಅದಾದ ಮೇಲೆ ಒಂದು ತಿಂಗಳು ಆ ಹಳೆಯ ಡಿಸ್ಕನ್ನು ಮುಟ್ಟಬೇಡಿ. ಆಮೇಲೂ ಮನೆಯಲ್ಲೇ ಬಳಸುವುದಾದರೆ ಮಾಮೂಲಿ ಫಾರ್ಮ್ಯಾಟ್ ಸಾಕು. ಯಾರಿಗಾದರೂ ಕೊಡುವುದಾದರೆ ಸಾಲದು, ನನ್ನ ಫೋಟೋ ವಾಪಸ್ ಬಂದ ಹಾಗೆ ನಿಮ್ಮ ಸಂಘದ ಲೆಕ್ಕವೂ ಬೇರೆಯವರಿಗೆ ಸಿಗುತ್ತದೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಡಿಸ್ಕ್‌ಪಾರ್ಟ್ (diskpart), ಆಮೇಲೆ ಲಿಸ್ಟ್ ಡಿಸ್ಕ್ (list disk) ಅಂತ ಟೈಪ್ ಮಾಡಿ. ಈಗ 931 ಇರುವುದು ಒಂದೇ, ತಪ್ಪುವ ಭಯ ಕಡಿಮೆ. ಅದರ ಸಂಖ್ಯೆ ನೋಡಿ ಸೆಲೆಕ್ಟ್ ಡಿಸ್ಕ್ (select disk) ಜೊತೆ ಆ ಸಂಖ್ಯೆ ಕೊಟ್ಟು, ಕ್ಲೀನ್ ಆಲ್ (clean all) ಅನ್ನಿ. ಬರೀ ಕ್ಲೀನ್ ಅಂದರೆ ಪಾರ್ಟಿಷನ್ ಪಟ್ಟಿ ಮಾತ್ರ ಹೋಗುತ್ತದೆ. ಕ್ಲೀನ್ ಆಲ್ ಡಿಸ್ಕಿನ ತುಂಬಾ ಸೊನ್ನೆ ಬರೆಯುತ್ತದೆ, ಮೂರ್ನಾಲ್ಕು ಗಂಟೆ ಹಿಡಿಯಬಹುದು, ಪರದೆಯಲ್ಲಿ ಏನೂ ಅಲುಗಾಡುವುದಿಲ್ಲ. ಸತ್ತುಹೋಯಿತು ಅಂತ ಕೇಬಲ್ ಕೀಳಬೇಡಿ. ಇದು ಹಾರ್ಡ್ ಡಿಸ್ಕಿಗೆ ಮಾತ್ರ. ಎಸ್‌ಎಸ್‌ಡಿ ಅಳಿಸಲು ಅದರ ಕಂಪನಿಯ ಟೂಲ್ ಅಥವಾ ಬಯೋಸ್‌ನಲ್ಲಿರುವ ಸೆಕ್ಯೂರ್ ಇರೇಸ್ ಬಳಸಬೇಕು.

ಬೂಟ್ ಮೆನು ಬರದಿದ್ದರೆ ಪರದೆಯ ಫೋಟೋ ಇಲ್ಲೇ ಹಾಕಿ. ಸುಲಿಯುವವರು ಏಳರ ಹೊತ್ತಿಗೆ ಹೊರಡುತ್ತಾರೆ, ಆಮೇಲೆ ನೋಡುತ್ತೇನೆ.