ಮಗಳ ರೇಟಿಂಗ್ 1620 ಇದೆ, 2500 ದಾಟಿದರೆ ಗ್ರ್ಯಾಂಡ್‌ಮಾಸ್ಟರ್ ಆಗ್ತಾಳಾ?

ಬರೀ 2500 ಸಾಲದು. ಗುಕೇಶ್ ವಿಶ್ವ ಚಾಂಪಿಯನ್ ಆದಾಗಲೂ ಯಾಕೆ ನಂಬರ್ ಒನ್ ಆಗಿರಲಿಲ್ಲ ಅಂತಲೂ ಕೇಳಿದ್ದೀರಿ. ಚೆಸ್‌ನಲ್ಲಿ ರೇಟಿಂಗ್ (ಆಡಿದ ಆಟಗಳ ಫಲಿತಾಂಶದಿಂದ ಬರುವ ಅಂಕ) ಬೇರೆ, ಗ್ರ್ಯಾಂಡ್‌ಮಾಸ್ಟರ್‌ನಂಥ ಟೈಟಲ್ ಬೇರೆ, ಚಾಂಪಿಯನ್ ಪಟ್ಟ ಬೇರೆ. ಇದು ತಿಳಿದರೆ ಎರಡಕ್ಕೂ ಉತ್ತರ ಸಿಗುತ್ತದೆ.

ಮೊದಲು ಗುಕೇಶ್ ವಿಷಯ. 2024ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ಆಗಿನ ವಿಶ್ವ ಚಾಂಪಿಯನ್, ಚೀನಾದ ಡಿಂಗ್ ಲಿರೆನ್ ಅವರನ್ನು 7.5-6.5ರಿಂದ ಸೋಲಿಸಿದಾಗ, ವಿಶ್ವ ಚೆಸ್ ಸಂಸ್ಥೆ ಫಿಡೆಯ ಆ ತಿಂಗಳ ಪಟ್ಟಿಯಲ್ಲಿ ಗುಕೇಶ್ 2783 ರೇಟಿಂಗ್‌ನೊಂದಿಗೆ ಐದನೇ ಸ್ಥಾನದಲ್ಲಿದ್ದರು. ನಮ್ಮವರೇ ಆದ ಅರ್ಜುನ್ ಎರಿಗೈಸಿ 2801 ಇಟ್ಟುಕೊಂಡು ಒಂದು ಸ್ಥಾನ ಮೇಲಿದ್ದರು. ಮೊದಲ ಸ್ಥಾನದಲ್ಲಿದ್ದ ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸನ್ ಆ ಪಟ್ಟಕ್ಕೆ ಆಡುವುದನ್ನೇ ಬಿಟ್ಟಿದ್ದರು. ಪಟ್ಟ ಸಿಗುವುದು ಒಂದು ಪಂದ್ಯಾವಳಿ ಗೆದ್ದಾಗ. ರ‍್ಯಾಂಕ್ ಬರುವುದು ರೇಟಿಂಗ್‌ನಿಂದ, ಆ ರೇಟಿಂಗ್ ಪ್ರತಿ ತಿಂಗಳೂ ಏರುತ್ತದೆ, ಇಳಿಯುತ್ತದೆ.

ಟೈಟಲ್ ಹಾಗಲ್ಲ, ಒಮ್ಮೆ ಸಿಕ್ಕಿದರೆ ಜೀವನಪೂರ್ತಿ ಇರುತ್ತದೆ. ಮುಂದೆ ರೇಟಿಂಗ್ 2300ಕ್ಕೆ ಬಿದ್ದರೂ ಗ್ರ್ಯಾಂಡ್‌ಮಾಸ್ಟರ್ (ಜಿಎಂ) ಜಿಎಂ ಆಗಿಯೇ ಇರುತ್ತಾರೆ. ಕೆಳಗಿನ ಎರಡು ಸುಲಭ: 2200 ಮುಟ್ಟಿದರೆ ಕ್ಯಾಂಡಿಡೇಟ್ ಮಾಸ್ಟರ್ (ಸಿಎಂ), 2300 ಮುಟ್ಟಿದರೆ ಫಿಡೆ ಮಾಸ್ಟರ್ (ಎಫ್‌ಎಂ). ಇಂಟರ್‌ನ್ಯಾಷನಲ್ ಮಾಸ್ಟರ್‌ಗೆ (ಐಎಂ) 2400, ಜಿಎಂಗೆ 2500, ಆದರೆ ಇವೆರಡಕ್ಕೂ ಜೊತೆಗೆ ನಾರ್ಮ್ ಬೇಕು. ಮಕ್ಕಳು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ.

ಜಿಎಂ ನಾರ್ಮ್ ಅಂದರೆ ಒಂದು ಟೂರ್ನಮೆಂಟ್‌ನಲ್ಲಿ, ಸಾಮಾನ್ಯವಾಗಿ ಒಂಬತ್ತು ರೌಂಡ್, 2600 ರೇಟಿಂಗ್ ಇರುವವರ ಮಟ್ಟಕ್ಕೆ ಆಡಿ ತೋರಿಸುವುದು. ಎದುರಾಳಿಗಳಲ್ಲಿ ಮೂರನೇ ಒಂದು ಭಾಗವಾದರೂ ಜಿಎಂಗಳಿರಬೇಕು, ಎಲ್ಲ ಎದುರಾಳಿಗಳ ಸರಾಸರಿ ರೇಟಿಂಗ್ ಕನಿಷ್ಠ 2380 ಇರಬೇಕು, ಬೇರೆ ದೇಶದವರೂ ಇರಬೇಕು. ಇಂಥ ನಾರ್ಮ್ ಒಟ್ಟು 27 ಆಟ ತುಂಬುವಷ್ಟು, ಅಂದರೆ ಹೆಚ್ಚಾಗಿ ಮೂರು, ಬೇಕು. ಎಂಟು ರೌಂಡ್ ಅದ್ಭುತವಾಗಿ ಆಡಿ ಒಂಬತ್ತನೆಯದರಲ್ಲಿ ಅರ್ಧ ಪಾಯಿಂಟ್ ಕಳೆದುಕೊಂಡು ನಾರ್ಮ್ ತಪ್ಪಿಸಿಕೊಂಡವರು ಎಷ್ಟೋ ಜನ. ಇಲ್ಲಿ ಅಷ್ಟು ಜನ ವಿದೇಶಿ ಜಿಎಂಗಳು ಸಿಗುವ ಟೂರ್ನಮೆಂಟ್ ಕಡಿಮೆ, ಹಾಗಾಗಿ ಯುರೋಪಿಗೆ ಹೋಗಬೇಕು, ಆ ಖರ್ಚು ಮನೆಯವರ ತಲೆ ಮೇಲೆ. ಪ್ರತಿಭೆ ಇದ್ದೂ ಎಷ್ಟೋ ಮಕ್ಕಳು ಹಿಂದೆ ಉಳಿಯುವುದು ಇದರಿಂದಲೇ ಅಂತ ನನಗೆ ನಿಜವಾಗಿಯೂ ಬೇಸರವಿದೆ. ಬೆಂಗಳೂರಿನ ಪ್ರಣವ್ ಆನಂದ್ ಅವರನ್ನೇ ನೋಡಿ. 2022ರಲ್ಲಿ ಮೂರನೇ ನಾರ್ಮ್ ಬಂದಿದ್ದು ಸ್ವಿಟ್ಜರ್ಲೆಂಡ್‌ನ ಬೀಲ್‌ನಲ್ಲಿ, 2500 ದಾಟಿದ್ದು ರೊಮೇನಿಯಾದಲ್ಲಿ. ವಿಶ್ವನಾಥನ್ ಆನಂದ್ 1988ರಲ್ಲೇ ದೇಶದ ಮೊದಲ ಜಿಎಂ ಆದರು, ಆದರೆ ಕರ್ನಾಟಕಕ್ಕೆ ಮೊದಲ ಜಿಎಂ ಸಿಕ್ಕಿದ್ದು 2017ರಲ್ಲಿ, ಮೈಸೂರಿನ ತೇಜ್‌ಕುಮಾರ್.

ಸಮಾಧಾನದ ವಿಷಯ ಏನೆಂದರೆ ಬಂದ ನಾರ್ಮ್ ಹಳೆಯದಾಗುವುದಿಲ್ಲ. 2500 ಕೂಡ ಒಮ್ಮೆ ಮುಟ್ಟಿದರೆ ಸಾಕು, ಅಲ್ಲೇ ನಿಲ್ಲಬೇಕಿಲ್ಲ.

ನಿಮ್ಮ ಮಗಳಿಗೆ ಮಹಿಳಾ ಟೈಟಲ್‌ಗಳೂ ಇವೆ. ಮಹಿಳಾ ಫಿಡೆ ಮಾಸ್ಟರ್‌ಗೆ (ಡಬ್ಲ್ಯುಎಫ್‌ಎಂ) 2100. ಮಹಿಳಾ ಇಂಟರ್‌ನ್ಯಾಷನಲ್ ಮಾಸ್ಟರ್‌ಗೆ (ಡಬ್ಲ್ಯುಐಎಂ) 2200, ಮಹಿಳಾ ಗ್ರ್ಯಾಂಡ್‌ಮಾಸ್ಟರ್‌ಗೆ (ಡಬ್ಲ್ಯುಜಿಎಂ) 2300, ಈ ಎರಡಕ್ಕೂ ನಾರ್ಮ್ ಬೇಕು. ಆದರೆ ಜಿಎಂ ಅನ್ನುವುದು ಗಂಡಸರ ಟೈಟಲ್ ಅಲ್ಲ, ಎಲ್ಲರದ್ದು. ಕೊನೇರು ಹಂಪಿ 2002ರಲ್ಲೇ ಪಡೆದರು. ದಿವ್ಯಾ ದೇಶಮುಖ್ ಅವರದ್ದಂತೂ ಅಪರೂಪದ ದಾರಿ: ಕೈಯಲ್ಲಿ ಒಂದೂ ಜಿಎಂ ನಾರ್ಮ್ ಇರಲಿಲ್ಲ, 2025ರಲ್ಲಿ ಜಾರ್ಜಿಯಾದ ಬಟುಮಿಯಲ್ಲಿ ಮಹಿಳಾ ವಿಶ್ವಕಪ್ ಫೈನಲ್‌ನಲ್ಲಿ ಅದೇ ಹಂಪಿಯವರನ್ನು ಸೋಲಿಸಿ ನೇರವಾಗಿ ಜಿಎಂ ಆದರು. ಕೆಲವು ದೊಡ್ಡ ಟೂರ್ನಮೆಂಟ್ ಗೆದ್ದರೆ ಹೀಗೆ ನೇರ ಟೈಟಲ್ ಸಿಗುತ್ತದೆ.

ಈಗ 1620ರ ಮಾತು. ಹದಿನೆಂಟರ ಒಳಗಿನ ಮಕ್ಕಳಿಗೆ 2300 ತಲುಪುವವರೆಗೆ ಕೆ-ಫ್ಯಾಕ್ಟರ್ (ಒಂದು ಆಟದಿಂದ ರೇಟಿಂಗ್ ಗರಿಷ್ಠ ಎಷ್ಟು ಬದಲಾಗಬಹುದು ಅನ್ನುವ ಸಂಖ್ಯೆ) 40. ಅಂದರೆ ಅವಳು 1420ರ ಹುಡುಗನ ಜೊತೆ ಗೆದ್ದರೆ ಸಿಗುವುದು ಹತ್ತು ಪಾಯಿಂಟ್ ಒಳಗೆ, ಸೋತರೆ ಹೋಗುವುದು ಮೂವತ್ತು. ಇದನ್ನು ನೋಡಿ ತುಂಬಾ ಅಪ್ಪ-ಅಮ್ಮಂದಿರು ಹೆದರುತ್ತಾರೆ. ನಮ್ಮಲ್ಲಿ 1400 ಅಂತ ಕೂತಿರುವ ಹತ್ತು ವರ್ಷದ ಮಕ್ಕಳು ಎಷ್ಟೋ ಸಲ ಅದಕ್ಕಿಂತ ಚೆನ್ನಾಗಿ ಆಡುತ್ತಾರೆ, ಅವರಿಗೆ ಆಡಲು ಸಿಕ್ಕಿರುವ ರೇಟೆಡ್ ಆಟಗಳೇ ಕಡಿಮೆ, ಹಾಗಾಗಿ ರೇಟಿಂಗ್ ಇನ್ನೂ ಹಿಂದೆ ಬಿದ್ದಿರುತ್ತದೆ, ಸೋತರೆ ಅದು ನಿಮ್ಮ ಮಗಳ ತಪ್ಪೇ ಆಗಬೇಕಿಲ್ಲ. ಆದರೆ ಅದೇ 40 ಮೇಲಕ್ಕೂ ಎಳೆಯುತ್ತದೆ, ಒಂದೇ ಒಳ್ಳೆಯ ಟೂರ್ನಮೆಂಟ್‌ನಲ್ಲಿ ನೂರು ಪಾಯಿಂಟ್ ಏರಬಹುದು.

ಆದ್ದರಿಂದ ದಯವಿಟ್ಟು ರೇಟಿಂಗ್ ಉಳಿಸಿಕೊಳ್ಳಲು ಅವಳನ್ನು ಆಡಿಸದೆ ಕೂರಿಸಬೇಡಿ. ಹಾಗೆ ಮಾಡುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಕ್ಲಾಸಿಕಲ್, ಅಂದರೆ ಯೋಚಿಸಲು ಹೆಚ್ಚು ಸಮಯ ಕೊಡುವ, ಟೂರ್ನಮೆಂಟ್‌ಗಳನ್ನು ಹುಡುಕಿ, ಸಾಧ್ಯವಾದಾಗ ತನಗಿಂತ ಮೇಲಿನವರ ಜೊತೆ ಆಡುವಂಥ ವಿಭಾಗಕ್ಕೆ ಸೇರಿಸಿ. ಸೋತ ಆಟದ ಸ್ಕೋರ್‌ಶೀಟ್ ಎಸೆಯದೆ ಇಟ್ಟುಕೊಂಡು, ಕಂಪ್ಯೂಟರ್‌ನ ಚೆಸ್ ಇಂಜಿನ್ ಹಾಕಿ ನೋಡುವ ಮೊದಲು ಎಲ್ಲಿ ತಪ್ಪಿತು ಅಂತ ಅವಳೇ ಹೇಳಲಿ. ಟೈಟಲ್ ಲೆಕ್ಕಾಚಾರ 2000 ದಾಟಿದ ಮೇಲೆ ಶುರು ಮಾಡಿದರೂ ತಡವಲ್ಲ.