ಸೂಜಿಗೂ ಒಂದು ಹೆಸರಿರುತ್ತದೆ, ಕೇಳಿ

ತಿಪಟೂರು ಕಡೆಯ ಓದುಗರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಡಿಗ್ರಿ ಓದುವ ಮಗಳಿಗೆ ರಾತ್ರಿಯೆಲ್ಲ ವಾಂತಿ. ಬೆಳಿಗ್ಗೆ ಹತ್ತಿರದ ನರ್ಸಿಂಗ್ ಹೋಂನಲ್ಲಿ ಒಂದು ಡ್ರಿಪ್, ಒಂದು ಇಂಜೆಕ್ಷನ್. ವಾಂತಿ ನಿಂತಿತು. ಸಂಜೆ ಹೊತ್ತಿಗೆ ಹುಡುಗಿಯ ಕತ್ತು ತಿರುಚಿಕೊಂಡಿತು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡವು, ನಾಲಿಗೆ ಹೊರಗೆ ಬಂತು. ಒಬ್ಬರು ಫಿಟ್ಸ್ ಅಂದರು. ಅಜ್ಜಿ ಗಾಳಿ ಸೋಕಿದೆ ಎಂದು ನಿಂಬೆಹಣ್ಣು ತಂದರು. ಇನ್ನೊಂದು ಆಸ್ಪತ್ರೆಯ ಡ್ಯೂಟಿ ಡಾಕ್ಟರು ನೋಡಿದ ಕೂಡಲೇ, 'ವಾಂತಿಗೆ ಸೂಜಿ ಹಾಕ್ಸಿದ್ರಾ?' ಎಂದು ಕೇಳಿ ಫೆನರ್ಗನ್ ಎಂಬ ಔಷಧ ಕೊಟ್ಟರಂತೆ. ಅರ್ಧ ಗಂಟೆಯಲ್ಲಿ ಮಗಳು ಸರಿಹೋದಳು. 'ಇದು ಯಾರ ತಪ್ಪು? ಇನ್ನು ಮೇಲೆ ಇಂಜೆಕ್ಷನ್ನೇ ಬೇಡ ಅಂದುಬಿಡಲೇ?' ಎಂದು ಕೇಳಿದ್ದಾರೆ.

ಅಮ್ಮಾ, ನಿಮ್ಮ ಪತ್ರದಲ್ಲಿ ಡ್ರಿಪ್ ಎಷ್ಟು ಹೊತ್ತು ಹೋಯಿತು ಎಂದಿದೆ. ಬಿಲ್ಲು ಎಷ್ಟಾಯಿತು ಎಂದಿದೆ. ಆಟೋದವನು ಜಾಸ್ತಿ ಕೇಳಿದ್ದೂ ಇದೆ. ಮಗಳ ಮೈಗೆ ಹೋದ ಔಷಧದ ಹೆಸರು ಮಾತ್ರ ಇಲ್ಲ. ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಪತ್ರವನ್ನು ನಾನು ಆರಿಸಿಕೊಂಡಿದ್ದೇ ಇದಕ್ಕಾಗಿ. ಸೀರೆ ಕೊಳ್ಳುವಾಗ ಸೆರಗು ಬಿಡಿಸಿ, ಅಂಚು ಹಿಡಿದು, ಬೆಳಕಿಗೆ ತಂದು ನೋಡುವ ನಾವು ಸೂಜಿ ಕಂಡ ಕೂಡಲೇ ಮುಖ ಆ ಕಡೆ ತಿರುಗಿಸುತ್ತೇವೆ.

ಲಕ್ಷಣ ನೋಡಿದರೆ ಅದು ಮೆಟೊಕ್ಲೋಪ್ರಮೈಡ್ ಇರಬೇಕು. ನಮ್ಮಲ್ಲಿ ಪೆರಿನಾರ್ಮ್ ಅಂದರೆ ಹೆಚ್ಚು ಜನಕ್ಕೆ ಗೊತ್ತು. ಹಳೆಯ ಔಷಧ, ಅಗ್ಗದ ಔಷಧ, ವಾಂತಿ ನಿಲ್ಲಿಸುತ್ತದೆ. ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಮಾಡುವ ಕೆಲಸವನ್ನು ಇದು ತಡೆಯುತ್ತದೆ. ವಾಂತಿ ನಿಲ್ಲುವುದು ಅದರಿಂದಲೇ, ಕೆಲವರ ಕತ್ತು, ದವಡೆ, ಕಣ್ಣು ಸೆಟೆದುಕೊಳ್ಳುವುದೂ ಅದರಿಂದಲೇ. ಮಾಮೂಲಿ ಡೋಸ್ ತೆಗೆದುಕೊಂಡ ದೊಡ್ಡವರಲ್ಲಿ ಸುಮಾರು 500ಕ್ಕೆ ಒಬ್ಬರಿಗೆ ಹೀಗಾಗುತ್ತದೆ ಎಂದು ಅಮೆರಿಕದ ಲೇಬಲ್ಲಿನಲ್ಲೇ ಬರೆದಿದೆ. ಮಕ್ಕಳಿಗೆ, 30 ದಾಟದವರಿಗೆ ಇನ್ನೂ ಜಾಸ್ತಿ. ಸಾಮಾನ್ಯವಾಗಿ ಮೊದಲ ಒಂದೆರಡು ದಿನದೊಳಗೇ ಆಗುತ್ತದೆ. ನಿಮ್ಮ ಮಗಳದು ಗಾಳಿಯೂ ಅಲ್ಲ, ಫಿಟ್ಸೂ ಅಲ್ಲ. ಅಜ್ಜಿಗೆ ಇದನ್ನು ಓದಿ ಹೇಳಿ.

ಡಾಕ್ಟರರ ಪರವಾಗಿಯೂ ಒಂದು ಮಾತು ಹೇಳಬೇಕು. ಸರಿಯಾದ ಡೋಸ್ ಕೊಟ್ಟಾಗಲೂ ಹೀಗಾಗಬಹುದು, ಹಾಗಾಗಿ ಇದನ್ನು ತಪ್ಪು ಎನ್ನಲು ಬರುವುದಿಲ್ಲ. ಹೊರಗೆ ಅರವತ್ತು ಜನ ಕೂತಿರುವಾಗ ಪ್ರತಿಯೊಬ್ಬರಿಗೂ ಪಾಠ ಹೇಳುವುದು ಕಷ್ಟ, ಒಪ್ಪುತ್ತೇನೆ.

ಆದರೆ 'ಕತ್ತು ಹಿಡಿದುಕೊಂಡರೆ ತಕ್ಷಣ ವಾಪಸ್ ಬನ್ನಿ' ಎನ್ನಲು ಎಷ್ಟು ಹೊತ್ತು ಬೇಕು? ಅಷ್ಟು ಹೇಳಿದ್ದರೆ ನಿಮ್ಮ ಮನೆಯಲ್ಲಿ ನಿಂಬೆಹಣ್ಣು ಹುಡುಕುವ ಪ್ರಸಂಗ ಬರುತ್ತಿರಲಿಲ್ಲ. ಯುರೋಪಿನ ಔಷಧ ಸಂಸ್ಥೆ 2013ರಲ್ಲಿ ಇದೇ ಔಷಧಕ್ಕೆ ಕಡಿವಾಣ ಹಾಕಿತು. ಗರಿಷ್ಠ ಐದು ದಿನ, ದೊಡ್ಡವರಿಗೆ ದಿನಕ್ಕೆ 30 ಮಿಲಿಗ್ರಾಂ ಮೀರಬಾರದು, ನರಕ್ಕೆ ಕೊಡುವುದಾದರೆ ಕನಿಷ್ಠ ಮೂರು ನಿಮಿಷ ತೆಗೆದುಕೊಂಡು ನಿಧಾನವಾಗಿ ಕೊಡಬೇಕು. ಮೂರು ನಿಮಿಷ ಸಿರಿಂಜ್ ಹಿಡಿದು ನಿಂತವರನ್ನು ನೀವು ಎಲ್ಲಾದರೂ ನೋಡಿದ್ದೀರಾ? ಸರ್ರನೆ ತಳ್ಳಿದರೆ ರೋಗಿಗೆ ಇದ್ದಕ್ಕಿದ್ದಂತೆ ವಿಪರೀತ ಚಡಪಡಿಕೆ, ಗಾಬರಿ. ಜೊತೆಯಲ್ಲಿ ಬಂದವರು 'ಸೂಜಿ ಅಂದ್ರೆ ಅವಳಿಗೆ ಭಯ' ಎಂದು ನಗುತ್ತಾರೆ.

ತಿಂಗಳುಗಟ್ಟಲೆ ಇದನ್ನೇ ಮಾತ್ರೆಯಾಗಿ ನುಂಗಿದವರ ಕಥೆ ಬೇರೆ. ಬಾಯಿ, ನಾಲಿಗೆ ತಾವಾಗಿಯೇ ಆಡುತ್ತಿರುತ್ತವೆ, ಕೆಲವರಿಗೆ ಔಷಧ ಬಿಟ್ಟ ಮೇಲೂ ನಿಲ್ಲುವುದಿಲ್ಲ. ಅಮೆರಿಕದ ಎಫ್‌ಡಿಎ ಎಂಬ ಔಷಧ ನಿಯಂತ್ರಣ ಸಂಸ್ಥೆ 2009ರಲ್ಲಿ ಲೇಬಲ್ಲಿನ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ, ಅಂದರೆ ಅಲ್ಲಿನ ಅತಿ ಕಟ್ಟುನಿಟ್ಟಿನ ಎಚ್ಚರಿಕೆ, ಹಾಕಿಸಿದ್ದು ಇದಕ್ಕೇ. ನಮ್ಮ ಸೋದರಮಾವ ಒಬ್ಬರು ಗ್ಯಾಸ್ಟ್ರಿಕ್ ಎಂದು ವರ್ಷಗಟ್ಟಲೆ ಅದೇ ಚೀಟಿ ತೋರಿಸಿ ಯಾವುದೋ ಮಾತ್ರೆ ತರಿಸುತ್ತಿದ್ದರು. ಕೊನೆಕೊನೆಗೆ ಖಾಲಿ ಬಾಯಿ ಜಗಿಯುತ್ತಲೇ ಇರುತ್ತಿದ್ದರು. ಎಲೆಅಡಿಕೆ ಚಟ ಎಂದು ನಾವು ಹುಡುಗರು ಗೇಲಿ ಮಾಡುತ್ತಿದ್ದೆವು. ಆ ಮಾತ್ರೆಯೇ ಕಾರಣ ಎಂದು ಈಗ ಸಾಧಿಸಲಾರೆ. ಹೆಸರು ಯಾರೂ ಬರೆದಿಟ್ಟಿರಲಿಲ್ಲವಲ್ಲ.

ನಿಮ್ಮ ಮಗಳನ್ನು ಸರಿಮಾಡಿದ ಫೆನರ್ಗನ್ ಕೂಡ ಸಾಧುವೇನಲ್ಲ. ಅಮೆರಿಕದ ವರ್ಮಾಂಟ್‌ನಲ್ಲಿ ಡಯಾನಾ ಲೆವಿನ್ ಎಂಬ ಸಂಗೀತಗಾರ್ತಿ ಇದ್ದರು. 2000ನೇ ಇಸವಿಯಲ್ಲಿ ಮೈಗ್ರೇನ್, ವಾಕರಿಕೆ ಎಂದು ಕ್ಲಿನಿಕ್ಕಿಗೆ ಹೋದರು. ಇದೇ ಫೆನರ್ಗನ್ ಅನ್ನು ಮೊದಲು ಸ್ನಾಯುವಿಗೆ ಕೊಟ್ಟರು, ಕಡಿಮೆಯಾಗಲಿಲ್ಲ. ಅದೇ ದಿನ ಮತ್ತೆ ಹೋದಾಗ ತೋಳಿನ ನರಕ್ಕೆ ನೇರವಾಗಿ ತಳ್ಳಿದರು. ಔಷಧ ಅಪಧಮನಿಗೆ ಸೇರಿ ಕೈ ಕೊಳೆಯಿತು, ಕತ್ತರಿಸಬೇಕಾಯಿತು. ವಾದ್ಯ ನುಡಿಸಿ ಬದುಕುವವರ ಕೈ! ಎಚ್ಚರಿಕೆ ಸಾಲದು ಎಂದು ಅವರು ಔಷಧ ತಯಾರಿಸಿದ ವೈತ್ ಕಂಪನಿಯ ಮೇಲೆ ದಾವೆ ಹೂಡಿದರು. ಸರ್ಕಾರ ಒಪ್ಪಿದ ಲೇಬಲ್ಲೇ ಅಲ್ಲವೇ ಎಂದು ಕಂಪನಿ ವಾದಿಸಿತು. 2009ರ ಮಾರ್ಚಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 6-3ರ ಬಹುಮತದಲ್ಲಿ ಲೆವಿನ್ ಪರ ನಿಂತಿತು. ಅದೇ ವರ್ಷ ಈ ಔಷಧಕ್ಕೂ ಕಪ್ಪು ಚೌಕಟ್ಟು ಬಂತು. ಒಬ್ಬ ಹೆಂಗಸು ಸುಮ್ನೆ ಕೂರಲಿಲ್ಲ, ಅಷ್ಟೇ.

ಇಲ್ಲಿ? ಮದ್ದಿನ ಪೆಟ್ಟಿಗೆಯ ಮೇಲೆ ಇರುವೆ ಸಾಲಿನಷ್ಟು ಸಣ್ಣ ಇಂಗ್ಲಿಷು. ಔಷಧದ ಹೆಸರನ್ನು ಓದುವಂತೆ, ಆದಷ್ಟೂ ದೊಡ್ಡಕ್ಷರದಲ್ಲಿ ಬರೆಯಬೇಕು ಎಂದು ವೈದ್ಯಕೀಯ ಮಂಡಳಿಯ ನಿಯಮ 2016ರಿಂದ ಇದೆ. ನಿಮ್ಮ ಮನೆಯಲ್ಲಿರುವ ಚೀಟಿ ತೆಗೆದು ನೋಡಿ, ಓದಲು ಬರುತ್ತದೆಯೇ? 2024ರ ಕೊನೆಯಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತು, ಅನುಮಾನ ಡ್ರಿಪ್ಪಿನ ಬಾಟಲಿಯ ಮೇಲೆ ಬಂದಾಗಲೇ ಎಷ್ಟೋ ಜನ ರಿಂಗರ್ ಲ್ಯಾಕ್ಟೇಟ್ ಎಂಬ ಹೆಸರನ್ನು ಮೊದಲ ಸಲ ಕೇಳಿದ್ದು. ಅಲ್ಲಿಯವರೆಗೆ ಎಲ್ಲವೂ 'ಗ್ಲೂಕೋಸ್'.

ಇಷ್ಟು ಬೈದ ಮೇಲೆ ನಿಮಗೂ ಸ್ವಲ್ಪ ಇದೆ. 'ಬೇಗ ವಾಸಿಯಾಗಲಿ ಅಂತ ನಾವೇ ಸೂಜಿ ಹಾಕಿ ಎಂದು ಕೇಳಿದೆವು' ಎಂದು ಬರೆದಿದ್ದೀರಿ. ಬರೀ ಮಾತ್ರೆ ಬರೆದುಕೊಡುವ ಡಾಕ್ಟರನ್ನು ಕೈಗುಣ ಇಲ್ಲ ಎಂದು ಬಿಟ್ಟುಹೋಗುವವರು ನಾವೇ ಅಲ್ವಾ? ಹಾಗೆಂದು ಇಂಜೆಕ್ಷನ್ನೇ ಬೇಡ ಎನ್ನಬೇಡಿ. ಗುಟುಕು ನೀರೂ ನಿಲ್ಲದಿದ್ದಾಗ ಸೂಜಿ ಬೇಕೇ ಬೇಕು, ವಾಂತಿಗೆ ಬೇರೆ ಔಷಧಗಳೂ ಇವೆ. ಈ ಔಷಧ ಮಗಳಿಗೆ ಆಗುವುದಿಲ್ಲ ಎಂದು ಮುಂದೆ ನೋಡುವ ಪ್ರತಿ ಡಾಕ್ಟರಿಗೂ ಮೊದಲೇ ಹೇಳಿ.

ಆಮೇಲೆ 1800-180-3024ಕ್ಕೆ ಫೋನ್ ಮಾಡಿ. ಔಷಧದಿಂದ ತೊಂದರೆಯಾದರೆ ತಿಳಿಸಲು ಕೇಂದ್ರ ಸರ್ಕಾರ ಇಟ್ಟಿರುವ ಉಚಿತ ನಂಬರ್ ಇದು. ಡಾಕ್ಟರೇ ಮಾಡಬೇಕೆಂದಿಲ್ಲ, ರೋಗಿಯ ಕಡೆಯವರೂ ಮಾಡಬಹುದು. ಕನ್ನಡದಲ್ಲೇ ಫಾರಂ ಇದೆ. ಯಾರ ಮೇಲೂ ಕೇಸಾಗುವುದಿಲ್ಲ, ಲೆಕ್ಕಕ್ಕೆ ಸೇರುತ್ತದೆ. ಅವರು ಮೊದಲು ಕೇಳುವುದೇ ಔಷಧದ ಹೆಸರು. ಹಾಗಾಗಿ ನಾಳೆಯೇ ಆ ನರ್ಸಿಂಗ್ ಹೋಂಗೆ ಹೋಗಿ ಮಗಳ ಚಿಕಿತ್ಸೆಯ ದಾಖಲೆ ಕೇಳಿ. ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು ನಿಯಮವಿದೆ. ಬಾಯಲ್ಲಿ ಕೇಳಬೇಡಿ, ಬರೆದು ಕೊಟ್ಟು ಸಹಿ ಹಾಕಿಸಿಕೊಳ್ಳಿ. ಏನೆಂದರು ಎಂದು ನಮಗೂ ಬರೆಯಿರಿ, ಅಚ್ಚು ಹಾಕುತ್ತೇವೆ.